ಕಂದೂರಿಗೆ ಬರಬೇಡಿ ಎಂದ ಮೆಹತಾಬ್

ಊಟಕ್ಕೆ ಕರೆಯುವವರು ಶಹಾಬಾದದಲ್ಲಿ ಬೇಕಾದಷ್ಟು ಮಂದಿ ಇದ್ದರು. ಕರೆದ ಊಟವನ್ನು ವಾಪಸು ತೆಗೆದುಕೊಂಡವಳು ಮಾತ್ರ ಒಬ್ಬಳೇ. ಅವಳು ಮೆಹತಾಬ್, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಬಂದೇಅಲಿಯ ಹೆಂಡತಿ. ಆಳು ಗಿಡ್ಡ, ದನಿ ದೊಡ್ಡದು. ಗಣಿಯ ಪಕ್ಕದ ಅಂಗಳದಲ್ಲಿ ಅವಳಿಗೂ ಕೆಲಸವಿತ್ತು. ಕಡಿದಿಟ್ಟ ಪರಸಿಗಳ ಮೇಲೆ ನೀರು ಹೊಯ್ದು ತಿಕ್ಕಿ ನುಣ್ಣಗೆ ಮಾಡುವುದು. ದಿನವಿಡೀ ಸುತ್ತಿಗೆಯ ಸದ್ದಿನಲ್ಲಿ ಒದರಿ ಒದರಿ ಅಭ್ಯಾಸವಾಗಿ, ಮನೆಗೆ ಬಂದು ಉಪ್ಪು ಕೊಡಿರೆಂದರೂ ಮೂರು ಮನೆಗೆ ಕೇಳುತ್ತಿತ್ತು.

ಹುಟ್ಟಿದ್ದು ದಂಡೋತಿಯಲ್ಲಿ, ಕಾಗಿಣಾ ಹೊಳೆಯ ದಂಡೆಗೆ. ಸಾಲಿಯ ಮೆಟ್ಟಲು ಹತ್ತಿದವಳಲ್ಲ. ತೊಗರಿ ಹೊಲದಲ್ಲಿ ಕಳೆ ಕಿತ್ತು ಬೆಳೆದವಳು. ಹದಿನಾರಕ್ಕೆ ಸೊಸೆಯಾಗಿ ಶಹಾಬಾದಕ್ಕೆ ಬಂದಳು. ಎರಡು ಕೂಸು ಹುಟ್ಟಿ, ತಿಂಗಳು ತುಂಬುವ ಮೊದಲೇ ಹೋದವು. ಮೂರನೆಯದು ಉಳಿಯಿತು. ಹೆಣ್ಣು. ಗುಲ್ಶನ್ ಎಂದು ಹೆಸರಿಟ್ಟರು.

ಮೈಸೂರು ರಾಜ್ಯವೆನ್ನುವುದು ಹೋಗಿ ಕರ್ನಾಟಕವೆಂದು ಹೆಸರಾದ ಮರುವರ್ಷದ ಮಾತಿದು. ಗುಲ್ಶನ್‌ಗೆ ನಾಲ್ಕು ತುಂಬಿ ಐದು ನಡೆದಿತ್ತು. ಒಂದು ಶುಕ್ರವಾರ ಮುಂಜಾನೆ ಬಚ್ಚಲ ಕಲ್ಲಿನ ಮೇಲೆ ನಿಲ್ಲಿಸಿ ಮೈ ತಿಕ್ಕುವಾಗ, ಕೂಸಿನ ಎಡ ಪಕ್ಕೆಯ ಕೆಳಗೆ ಮೆಹತಾಬಳ ಕೈಗೆ ಏನೋ ತಟ್ಟಿತು. ಹಸಿ ಮಾವಿನಕಾಯಿಯಷ್ಟು ದಪ್ಪ, ಅಷ್ಟೇ ಗಟ್ಟಿ. ಒತ್ತಿದರೆ ಕೂಸು ನೋವೆನ್ನಲಿಲ್ಲ. ಕಚಗುಳಿಯೆಂದು ನಕ್ಕಿತು.

"ಮಣ್ಣು ತಿಂತಾಳ ಪೋರಿ, ಹೊಟ್ಟ್ಯಾಗ ಜಂತು ಆಗ್ಯಾವ," ಎಂದಳು ಅತ್ತೆ ಹಮೀದಾಬೇಗಂ.

"ಜಂತು ಒಂದೇ ಕಡಿ ಕುಂದರ್ತದೇನಮ್ಮಾ?" ಎಂದು ಮೆಹತಾಬ್ ಕೂಸನ್ನು ಒದ್ದೆ ಮೈಯಲ್ಲೇ ಟವಲಿನಲ್ಲಿ ಸುತ್ತಿಕೊಂಡು ಊರಿನ ಡಾಕ್ಟರರ ಹತ್ತಿರ ಓಡಿದಳು. ಅವರು ಮುಟ್ಟಿ ನೋಡಿ ಗುಲ್ಬರ್ಗಕ್ಕೆ ಕಳಿಸಿದರು. ಗುಲ್ಬರ್ಗದವರು ಮುಟ್ಟಿ ನೋಡಿ ಮುಂಬೈಗೆ ಹೋಗಿರೆಂದರು. ರೋಗದ ಹೆಸರನ್ನೂ ಹೇಳಿದರು. ಬಂದೇಅಲಿ ನಂಬಲಿಲ್ಲ.

"ಕ್ಯಾನ್ಸರ್ ಅಂದ್ರ ಬೀಡಿ ಸೇದೋ ಮುದುಕರಿಗಿ ಬರೂದಲ್ಲೇನ್ರಿ ಸಾಹೇಬ್ರ? ಇದು ಇನ್ನಾ ಹಾಲಿನ ಹಲ್ಲಿನ ಕೂಸು."

ಡಾಕ್ಟರು ಮುಂಬೈಯ ದವಾಖಾನೆಗೆ ಚೀಟಿ ಬರೆದುಕೊಟ್ಟರು.

ಮುಂಬೈಗೆ ಹೋಗುವುದೆಂದರೆ ಬರೀ ರೈಲಿನ ಮಾತಲ್ಲ. ರೈಲು ಶಹಾಬಾದದಲ್ಲೇ ನಿಲ್ಲುತ್ತಿತ್ತು. ಹತ್ತಿದ ಮೇಲೆ ಅಲ್ಲಿ ಎಷ್ಟು ದಿನ, ಏನು ಉಣ್ಣುವುದು, ಇಲ್ಲಿ ಕೂಲಿ ತಪ್ಪಿದ ದಿನಗಳಿಗೆ ಯಾರು ಕೊಡುವವರು? ಮನೆಯಲ್ಲಿದ್ದ ಎರಡು ಆಡು ಹೋದವು. ಬೆಳ್ಳಿಯ ಕಾಲುಂಗುರ, ತಾಮ್ರದ ಹಂಡೆ ಹೋದವು. ಮದುವೆಯಲ್ಲಿ ಕೊರಳಿಗೆ ಕಟ್ಟಿದ ಲಚ್ಚಾದಿಂದ ಬಂಗಾರದ ಗುಂಡುಗಳನ್ನು ಒಂದೊಂದೇ ಬಿಡಿಸಿ ಮಾರಿ, ಬರೀ ಕರಿಮಣಿಯನ್ನು ಮತ್ತೆ ದಾರಕ್ಕೆ ಪೋಣಿಸಿ ಕಟ್ಟಿಕೊಂಡಳು. ಅಷ್ಟಾದರೂ ಸಾಲಲಿಲ್ಲ. ಆಗ ಗಣಿಯ ಐವತ್ತೆರಡು ಮಂದಿ, ಮೇಸ್ತ್ರಿ ಸೂಗಪ್ಪನಿಂದ ಹಿಡಿದು ಬುಟ್ಟಿ ಹೊರುವವರ ತನಕ, ತಲೆಗೆ ಒಂದು ದಿನದ ಕೂಲಿ ಕೊಟ್ಟರು. ಕೈಚೌಕದಲ್ಲಿ ಗಂಟು ಕಟ್ಟಿ ತಂದ ಸೂಗಪ್ಪ ಅದನ್ನು ಹೊಸ್ತಿಲ ಮೇಲಿಟ್ಟು, ಕುಂತು ನೀರನ್ನೂ ಕುಡಿಯದೆ ಹೋದ.

ಹಮೀದಾಬೇಗಂ ಹತ್ತಿರ ಕೊಡಲಿಕ್ಕೆ ರೊಕ್ಕವಿರಲಿಲ್ಲ. ಅವಳು ಊರ ಹೊರಗಿನ ದಿಬ್ಬದ ಪೀರನ ಹೆಸರಿಗೆ ಮಾರದೆ ಉಳಿದಿದ್ದ ಒಂದು ಹೋತದ ಮರಿ ಬಿಟ್ಟಳು. ಕೂಸು ನೆಟ್ಟಗಾದರೆ ಕಂದೂರಿ ಮಾಡುತ್ತೇನೆಂದು ಹರಕೆ ಹೊತ್ತಳು. ಕಂದೂರಿಯೆಂದರೆ ಹರಕೆಯ ಹೋತವನ್ನು ದರ್ಗಾದ ಮುಂದೆ ಅಡಿಗೆ ಮಾಡಿ ಮಂದಿಗೆಲ್ಲ ಉಣಿಸುವುದು. ಈ ಸೀಮೆಯಲ್ಲಿ ಮುಸಲ್ಮಾನರೂ ಮಾಡುತ್ತಾರೆ, ಹಿಂದೂಗಳೂ ಮಾಡುತ್ತಾರೆ. ಮಾಂಸ ಉಣ್ಣದವರಿಗೆ ಬೇರೆ ಒಲೆಯ ಮೇಲೆ ಗೋಧಿ ಹುಗ್ಗಿ.

ಮುಂಬೈಯ ದೊಡ್ಡ ದವಾಖಾನೆಯಲ್ಲಿ ಕೂಸಿನ ಹೊಟ್ಟೆ ಕೊಯ್ದು, ಗಡ್ಡೆಯನ್ನೂ ಅದು ಹತ್ತಿದ್ದ ಒಂದು ಮೂತ್ರಪಿಂಡವನ್ನೂ ತೆಗೆದರು. ಬಂದೇಅಲಿ ಹತ್ತು ದಿನ ಇದ್ದು ಕೂಲಿಗಾಗಿ ಊರಿಗೆ ಬಂದ. ಮೆಹತಾಬ್ ನಲವತ್ತು ದಿನ ಇದ್ದಳು. ದವಾಖಾನೆಯ ಗೋಡೆಗೆ ಹತ್ತಿ ಕಲ್ಲುಹಾಸಿನ ಮೇಲೆ ಮಲಗುವ ಮಂದಿಯಲ್ಲಿ ತಾನೂ ಒಬ್ಬಳಾದಳು. ಎರಡು ಹೊತ್ತು ಚಹಾ, ಒಂದು ಹೊತ್ತು ಪಾವು. ಊರಿಂದ ಕಟ್ಟಿಕೊಂಡು ಹೋದ ಕಟಿರೊಟ್ಟಿಯನ್ನು ನೀರಲ್ಲಿ ನೆನೆಸಿ ಹದಿನೈದು ದಿನ ಎಳೆದಳು.

ಬಿಟ್ಟುಕೊಡುವ ದಿನ ಡಾಕ್ಟರು ಹಿಂದಿಯಲ್ಲಿ ಹೇಳಿದರು. ಅವಳ ಮನೆಯ ಮಾತಿಗೆ ಅದು ಹತ್ತಿರವೇ, ತಿಳಿಯಿತು.

"ಗಡ್ಡಿ ತೆಗೆದೀವಿ ಬಾಯಿ. ಆದರ ಅದರ ಬೀಜ ಮೈಯಾಗ ಎಲ್ಲೋ ಉಳಿದಿರಬಹುದು. ಅದಕ್ಕ ಸೂಜಿ ಔಷಧ. ಒಂದು ಸಲ ಕೊಟ್ಟೀವಿ. ಇನ್ನಾ ಆರು ಸಲ ಬರಬೇಕು. ಮೊದಲಿಂದು ಆರು ವಾರಕ್ಕ. ಆಮ್ಯಾಲ ಮೂರು ಮೂರು ತಿಂಗಳಿಗೆ. ಪ್ರತಿ ಸಲ ಐದು ದಿನ."

"ಕರಿಕಿ ಕಿತ್ತಂಗೇನ್ರಿ? ಮ್ಯಾಲ ಹೊಲ ಸ್ವಚ್ಛ ಕಾಣತದ, ಒಳಗ ಬೇರು ಇರತದ."

ಡಾಕ್ಟರು ಮುಂಬೈಯವರು, ಕರಿಕಿ ಹುಲ್ಲನ್ನು ಎಲ್ಲಿ ನೋಡಬೇಕು? ಆದರೂ ತಲೆಯಾಡಿಸಿದರು. ಹಳದಿ ಕಾರ್ಡಿನ ಮೇಲೆ ತಾರೀಖು ಬರೆದು ಕೊಟ್ಟರು. ಓದಲಾರದ ಮೆಹತಾಬ್ ಅದನ್ನು ಮೂರು ಮಂದಿಯ ಕೈಲಿ ಓದಿಸಿ, ಮೂವರದೂ ಒಂದೇ ಆದ ಮೇಲೆ ರವಿಕೆಯೊಳಗೆ ಇಟ್ಟುಕೊಂಡಳು.

ಊರಿಗೆ ಬಂದ ಹದಿನೈದು ದಿನಕ್ಕೆ ಗುಲ್ಶನ್ ಓಣಿಯಲ್ಲಿ ಓಡತೊಡಗಿತು. ತಿಂಗಳಿಗೆ ಗೋಲಿ ಆಡಿ ಜಗಳ ಮಾಡತೊಡಗಿತು. ನೋಡಿದವರೆಲ್ಲ ಪೀರನ ಕರುಣೆ ಎಂದರು. ಮೆಹತಾಬ್ ಎಲ್ಲರಿಗೂ ಹೂಂಗುಟ್ಟಿ, ದಿನದ ಕೂಲಿಯಲ್ಲಿ ಎಂಟಾಣೆ, ರೂಪಾಯಿ ಉಳಿಸಿ ಡಾಲ್ಡಾ ಡಬ್ಬಿಗೆ ಹಾಕುತ್ತ ಹೋದಳು. ಗಂಡನಿಂದಲೂ ವಾರಕ್ಕಿಷ್ಟೆಂದು ಕಸಿದು ಹಾಕಿದಳು. ರೈಲಿನ ಖರ್ಚು, ಐದು ದಿನದ ಊಟ, ಹೊರಗಿನ ಅಂಗಡಿಯಿಂದ ತರಬೇಕಾದ ಔಷಧ. ಎಲ್ಲಕ್ಕೂ ನೂರೈವತ್ತು ಬೇಕಾಗುತ್ತದೆಂದು ಅವಳ ಲೆಕ್ಕ. ನೂರಾ ನಲವತ್ತಕ್ಕೆ ಬಂದಿತ್ತು.

ತಾರೀಖಿಗೆ ಎಂಟು ದಿನ ಉಳಿದಿದ್ದಾಗ, ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತಾಳೆ, ಪಡಸಾಲೆಯಲ್ಲಿ ಒಂದು ಚೀಲ ಅಕ್ಕಿ. ಅದರ ಪಕ್ಕ ತುಪ್ಪದ ಡಬ್ಬಿ, ಗೋಧಿ, ಬೆಲ್ಲದ ಪೆಂಟೆ, ಉಳ್ಳಾಗಡ್ಡಿಯ ಗಂಟು. ಅತ್ತೆ ಮಸಾಲೆ ಹಸನು ಮಾಡುತ್ತ ಕುಳಿತಿದ್ದಳು. ಮುಖದ ಮೇಲೆ ಹಬ್ಬ.

"ಡಬ್ಬಿ ಎಲ್ಲಿ ಅದ?" ಎಂದು ಮೆಹತಾಬ್ ಗಂಡನನ್ನು ಕೇಳಿದಳು.

"ಅಲ್ಲೇ ಅದ ನೋಡು, ಮಾಡದಾಗ."

"ಡಬ್ಬಿ ಅದ. ಅದರ ಒಳಗಿಂದು?"

ಬಂದೇಅಲಿ ಅಕ್ಕಿಯ ಚೀಲದ ಕಡೆ ನೋಡಿದ. "ಬರೂ ಶುಕ್ರವಾರ ಕಂದೂರಿ. ಗಣಿಯಾಗ ಎಲ್ಲರಿಗೂ ಹೇಳಿ ಬಂದೀನಿ. ಓಣಿಗೂ ಅಮ್ಮ ಹೇಳ್ಯಾಳ."

"ಸೋಮವಾರ ಕೂಸಿನ ತಾರೀಖು ಅದ."

"ಯಾತರ ತಾರೀಖು? ಕೂಸು ಕುರಿ ಮರಿ ಜಿಗದಂಗ ಜಿಗೀಲಾಕತ್ತದ. ಗಡ್ಡಿ ತೆಗೆದಾರಂತ ನೀನೇ ಹೇಳಿದಿ. ಹೋದ ಸಲ ಆ ಸೂಜಿ ಚುಚ್ಚಿದ ಮ್ಯಾಲ ಕೂಸು ಏನೇನು ಕಂಡಿತು ಮರತೇನು? ಮೂರು ದಿನ ನೀರು ಸೈತ ನಿಲ್ಲಲಿಲ್ಲ ಹೊಟ್ಟ್ಯಾಗ. ತಲಿಮ್ಯಾಲಿನ ಕೂದಲ ಕೈಗೆ ಬಂತು. ನೆಟ್ಟಗಿದ್ದ ಕೂಸಿಗಿ ಮತ್ತ ಅದೇ ಬ್ಯಾನಿ ಕೊಡಸಲಾಕ ಹೊಂಟೀ?" ಅವನು ಅಕ್ಕಿಯ ಚೀಲಕ್ಕೆ ಬೆನ್ನು ಕೊಟ್ಟು ಕುಳಿತ. "ಐವತ್ತೆರಡು ಮಂದಿ ತಮ್ಮ ಮಕ್ಕಳ ಹೊಟ್ಟಿ ಕಟ್ಟಿ ಒಂದು ದಿನದ ಕೂಲಿ ಕೊಟ್ಟಾರ. ಕೂಸು ಎದ್ದು ಓಡಾಡತದ, ಅವರಿಗಿ ಒಂದು ತುತ್ತು ಹಾಕಲಿಲ್ಲ ಅಂದ್ರ ನಾ ಅವರ ಮಾರಿ ಹ್ಯಾಂಗ ನೋಡಲಿ?"

ಗಂಡ ಕುಡುಕನಲ್ಲ, ಕೆಡುಕನಲ್ಲ. ಉಂಡವರ ಬಾಯಿಂದ ಕೂಸಿಗೆ ದುವಾ ಬರಲೆಂದೇ ಡಬ್ಬಿ ಬರಿದು ಮಾಡಿದವನು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಅವಳು ಮಸಾಲೆಯ ಮೊರದ ಮುಂದೆ ಕುಳಿತು, ಕೈಗೆ ಬಂದ ಲವಂಗವನ್ನು ಅತ್ತಿತ್ತ ಆಡಿಸಿ, ಒಂದೇ ಮಾತು ಹೇಳಿದಳು:

"ಊಟಕ್ಕ ನೀವು ಹೇಳೀರಿ. ಬ್ಯಾಡ ಅಂತ ನಾ ಹೇಳಿ ಬರ್ತೀನಿ."

"ತಲಿ ಕೆಟ್ಟದೇನು!" ಎಂದಳು ಅತ್ತೆ. ಕರೆದ ಊಟ ತಪ್ಪಿಸುವುದೆಂದರೆ ಆ ಓಣಿಯಲ್ಲಿ ಮನೆಯಲ್ಲಿ ಸಾವಾಗಿರಬೇಕು. ಇಲ್ಲದಿದ್ದರೆ ಮುಂದೆ ಆ ಮನೆಯ ಬೆಂಕಿಯನ್ನೂ ಯಾರೂ ಕೇಳುವುದಿಲ್ಲ.

ಮರುದಿನ ಹೊತ್ತು ಏರುವಷ್ಟರಲ್ಲಿ ಮೆಹತಾಬ್ ಓಣಿಯ ಮೊದಲ ಬಾಗಿಲಿಗೆ ನಿಂತಿದ್ದಳು. ಅದು ರತ್ನಾಬಾಯಿಯ ಮನೆ. ಗಂಡ ಸಿಮೆಂಟು ಕಾರ್ಖಾನೆಯಲ್ಲಿದ್ದ. ಬಾಯಿ ಸಡಿಲ, ಮನಸ್ಸು ಮೆತ್ತಗಿನ ಹೆಂಗಸು.

"ಬಾಯಾರ, ಶುಕ್ರವಾರ ಊಟಕ್ಕ ಬರಬ್ಯಾಡ್ರಿ."

ರತ್ನಾಬಾಯಿ ಹಲ್ಲುಪುಡಿಯ ಬಾಯಲ್ಲೇ ನಿಂತಳು. "ಏನಂದೀ?"

"ಕಂದೂರಿ ಇಲ್ಲ. ಬರಬ್ಯಾಡ್ರಿ ಅಂತ ಹೇಳಲಾಕ ಬಂದೀನಿ."

"ಹೋಗ ನಿನ್ನ! ಬರ್ರಿ ಅಂತ ಕರಿಲಾಕ ಬಂದೋರನ್ನ ನೋಡೀನಿ, ಬರಬ್ಯಾಡ್ರಿ ಅಂತ ಕರಿಲಾಕ ಬಂದಾಕಿನ್ನ ಇವತ್ತೇ ನೋಡಿದ್ದು. ನಿನ್ನಿಯಿಂದ ನಮ್ಮ ಯಜಮಾನ್ರು ಹುಗ್ಗಿ ಹುಗ್ಗಿ ಅಂತ ಜಪಾ ಹಚ್ಚ್ಯಾರ. ಈಗ ಅವರಿಗಿ ಏನ್ ಹೇಳಲಿ?"

"ಹುಗ್ಗಿ ಮುಂಬೈಕ ಹೊಂಟದ ಅಂತ ಹೇಳ್ರಿ."

ರತ್ನಾಬಾಯಿ ಬಾಯಿ ತೊಳೆದುಕೊಂಡು ಬಂದು ಎಲ್ಲ ಕೇಳಿದಳು. ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಒಬ್ಬಾಕೀನೇ ಹೋದ್ರ ಮಂದಿ ಹರಕೊಂಡು ತಿಂತಾರ. ನಡಿ, ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು. ಇಪ್ಪತ್ತಾರು ಮನೆ. ಒಬ್ಬರು ಬಾಗಿಲನ್ನೇ ಮುಚ್ಚಿದರು. ಒಬ್ಬ ಮುದುಕಿ, ನಿನ್ನ ಅತ್ತಿ ಕರೆದಾಳ, ಅತ್ತಿ ಬಂದು ಹೇಳಲಿ ಎಂದಳು. ಇನ್ನೊಂದು ಮನೆಯಲ್ಲಿ, ಹೆಣ್ಣುಕೂಸಿಗೆ ಎಷ್ಟಂತ ಸುರೀತೀ ತಾಯಿ, ಎಂದರು. ಅಷ್ಟೊತ್ತು ತಗ್ಗಿಸಿದ ದನಿಯಲ್ಲಿ ಮಾತಾಡುತ್ತಿದ್ದ ಮೆಹತಾಬ್ ಅಲ್ಲಿ ಮಾತ್ರ ತನ್ನ ಖರೆ ದನಿ ತೆಗೆದಳು.

"ಹೆಣ್ಣಿಗಿ ಹಸಿವಿ, ಬ್ಯಾನಿ ಕಮ್ಮಿ ಅಂತ ದೇವರು ಏನರ ನಿಮ್ಮ ಕಿವ್ಯಾಗ ಹೇಳ್ಯಾನೇನ್ರಿ?"

ಓಣಿ ಮುಗಿಯಿತು. ದೊಡ್ಡದು ಗಣಿ. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಅವಳು ಅಲ್ಲಿಗೆ ಹೋದಳು. ಐವತ್ತೆರಡು ಮಂದಿ ನೆರಳಿದ್ದಲ್ಲಿ ಕುಳಿತಿದ್ದರು. ಬಂದೇಅಲಿ ಅವಳನ್ನು ಕಂಡು ರೊಟ್ಟಿ ಕೆಳಗಿಟ್ಟ. ಅವಳು ಒಟ್ಟಿದ ಪರಸಿಗಳ ಮೇಲೆ ಹತ್ತಿ ನಿಂತಳು.

"ಅಣ್ಣಗೋಳ್ರಾ, ಶುಕ್ರವಾರ ಕಂದೂರಿ ಇಲ್ಲ. ಯಾರೂ ಬರಬ್ಯಾಡ್ರಿ."

ಶಹಾಬುದ್ದೀನನೆಂಬ ಕಲ್ಲು ಹೊರುವವನು, ಚೇಷ್ಟೆಯಲ್ಲಿ ಎತ್ತಿದ ಕೈ, ನಕ್ಕು ಅಂದ: "ವಾಹ್ ಭಾಬಿ! ಒಂದು ದಿನದ ಕೂಲಿನೂ ಹೋತು, ಬಿರಿಯಾನಿನೂ ಹೋತು. ಮೂರು ದಿನದಿಂದ ನಾ ಹೊಟ್ಟಿ ಖಾಲಿ ಇಟಗೊಂಡು ಕುಂತೀನಿ."

ಕೆಲವರು ನಕ್ಕರು. ಬಂದೇಅಲಿ ತಲೆ ಎತ್ತಲಿಲ್ಲ.

"ಶಹಾಬು, ನೀ ಆ ದಿನ ಕೂಲಿ ಕೊಟ್ಟದ್ದು ಊಟಕ್ಕೋ, ಕೂಸಿಗೋ?"

ಶಹಾಬುದ್ದೀನನ ನಗು ಅರ್ಧಕ್ಕೆ ನಿಂತಿತು. "ಕೂಸಿಗಿ. ಮತ್ತ್ಯಾರಿಗಿ?"

"ಕೂಸಿಂದು ಇನ್ನಾ ಮುಗದಿಲ್ಲ." ಮೆಹತಾಬ್ ಕೆಳಗೆ ಬಗ್ಗಿ, ಯಾರದೋ ಸುತ್ತಿಗೆ ಎತ್ತಿ, ತಾನು ನಿಂತ ಪರಸಿಯ ಅಂಚಿಗೆ ಬಡಿದಳು. ಗಂಟೆಯಂತೆ ಸದ್ದಾಯಿತು. ಪಕ್ಕದಲ್ಲಿ, ಮೇಸ್ತ್ರಿ ಬೇರೆ ತೆಗೆದಿಟ್ಟಿದ್ದ ಇನ್ನೊಂದಕ್ಕೆ ಬಡಿದಳು. ಗಡಿಗೆ ಒಡೆದ ಹಾಗೆ ಮಂಕು ಸದ್ದು. "ಎರಡೂ ಮ್ಯಾಲ ಒಂದೇ ಥರ ನುಣ್ಣಗ ಅವ. ನಾನೇ ತಿಕ್ಕೀನಿ. ಇದರ ಒಳಗ ಕೂದಲೆಳಿಯಷ್ಟು ಸೀಳು ಅದ ಅಂತ ಸೂಗಪ್ಪಣ್ಣ ಬಡಿದು ನೋಡಿ ಹೊರಗ ತೆಗೆದಾನ. ನಿಮ್ಮ ಮನಿ ಪಡಸಾಲಿಗಿ ಇದನ್ನ ಹಾಸ್ತೀರೇನು? ನನ್ನ ಕೂಸು ಈಗ ಹಿಂಗ ಅದ. ಮ್ಯಾಲ ನೆಟ್ಟಗ ಕಾಣತದ. ಒಳಗಿಂದು ಆ ಡಾಕ್ಟರಿಗೇ ಗೊತ್ತು. ಆರು ಸಲ ಬರ್ರಿ ಅಂದಾನ, ಬರೂ ಸೋಮವಾರ ಮೊದಲಿಂದು. ಒಂದು ಸಲಾನೂ ಆಗಿಲ್ಲ, ನಾವು ಕಂದೂರಿ ಮಾಡಿ ಕೈ ತೊಳಕೊಳ್ಳಾಕ ಹೊಂಟೀವಿ."

ಸೂಗಪ್ಪ ಮೇಸ್ತ್ರಿ ಎದ್ದು ನಿಂತ. ಮೂವತ್ತು ವರ್ಷ ಕಲ್ಲಿನ ಸದ್ದು ಕೇಳಿದವನು, ಮಾತು ಕಮ್ಮಿ.

"ಬಂದೇಅಲಿ, ನೀ ಕರೆದಿದ್ದಿ, ನಾವು ಉಂಡಂಗೇ ಆತು. ಸೋಮವಾರ ಅಲ್ಲೇನವಾ ಅಂದಿದ್ದು? ಶನಿವಾರದ ಗಾಡಿ ಹಿಡೀಬೇಕು ಹಂಗಾರ." ಆಮೇಲೆ ಶಹಾಬುದ್ದೀನನ ಕಡೆ ತಿರುಗಿ, "ನೀ ಬುತ್ತಿ ಉಣ್ಣು. ಮೂರು ದಿನದ ಹಸಿವಿ ಅಂತಿ, ನಿನ್ನೆ ನನ್ನ ರೊಟ್ಟ್ಯಾಗ ಎರಡು ಯಾರು ತಿಂದ್ರು?" ಎಂದ. ಈ ಸಲ ಎಲ್ಲರೂ ನಕ್ಕರು. ಬಂದೇಅಲಿಯೂ ತಲೆ ಎತ್ತಿದ.

ಮಂದಿ ಬರುವುದು ತಪ್ಪಿತು. ಆದರೆ ಅಕ್ಕಿ ಮತ್ತೆ ರೊಕ್ಕವಾಗಬೇಕಲ್ಲ. ಅದೇ ಸಂಜೆ ಮೆಹತಾಬ್ ಗಂಡನ ತಲೆಯ ಮೇಲೆ ಅಕ್ಕಿಯ ಚೀಲ ಹೊರಿಸಿ, ತುಪ್ಪ, ಬೆಲ್ಲ, ಗೋಧಿ, ಉಳ್ಳಾಗಡ್ಡಿ ತಾನು ಹೊತ್ತು, ಕಲ್ಯಾಣಪ್ಪನ ಕಿರಾಣಿ ಅಂಗಡಿಗೆ ಬಂದಳು. ಕಲ್ಯಾಣಪ್ಪ ವಿಭೂತಿಯ ಹಣೆ ಗಂಟಿಕ್ಕಿದ.

"ಕೊಟ್ಟ ಸಾಮಾನು ವಾಪಸ್ ತಗೊಳ್ಳೂ ಪದ್ಧತಿ ನಮ್ಮ ಅಪ್ಪನ ಕಾಲದಿಂದ ಇಲ್ಲವಾ."

"ಕರೆದ ಊಟ ವಾಪಸ್ ತಗೊಳ್ಳೂ ಪದ್ಧತಿ ನಮ್ಮ ಮಾವನ ಕಾಲದಿಂದ ಇದ್ದಿದ್ದಿಲ್ಲ ಸಾವ್ಕಾರ್ರ. ಇವತ್ತು ಮುಂಜಾನಿಂದ ಚಾಲೂ ಆಗ್ಯದ."

ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಕಲ್ಯಾಣಪ್ಪ ಚೀಲದ ಹೊಲಿಗೆ ನೋಡಿದ, ತುಪ್ಪದ ಡಬ್ಬಿಯ ಮುಚ್ಚಳ ನೋಡಿದ. ಯಾವುದೂ ಬಿಚ್ಚಿರಲಿಲ್ಲ.

"ಮಸಾಲಿ ಎಲ್ಲಿ?"

"ಅದನ್ನ ನಮ್ಮ ಅತ್ತಿ ಹಸನ ಮಾಡ್ಯಾಳ. ಅದರ ರೊಕ್ಕ ಮುರಕೋರಿ."

"ಮುರಕೊಳ್ಳದೆ ಬಿಡ್ತೀನೇನು? ಪುಗಸಟ್ಟೆ ಕುಂತೀನೇನು ಇಲ್ಲಿ?" ಎಂದು ಗೊಣಗುತ್ತಲೇ ಗಲ್ಲೆ ತೆಗೆದ. ಎಣಿಸಿ ಕೊಟ್ಟಾಗ ಮಸಾಲೆಯ ಹನ್ನೊಂದು ರೂಪಾಯಿ ಮುರಿದಿದ್ದ, ಒಂದು ಪೈಸೆ ಬಿಟ್ಟಿರಲಿಲ್ಲ. ಅವರು ನಾಲ್ಕು ಹೆಜ್ಜೆ ಹೋದ ಮೇಲೆ ಕರೆದು, ಎರಡು ಸೇರು ಅವಲಕ್ಕಿ, ಒಂದು ಹಿಡಿ ಪುಟಾಣಿ ಕಟ್ಟಿದ ಪೊಟ್ಟಣವನ್ನು ಮೆಹತಾಬಳ ಮಡಿಲಿಗೆ ಹಾಕಿ, "ಗಾಡ್ಯಾಗ ಕೂಸಿಗಿ," ಎಂದು ಮುಖ ತಿರುಗಿಸಿಕೊಂಡ.

ಇಷ್ಟೆಲ್ಲ ಗೆದ್ದವಳು ಮನೆಯಲ್ಲಿ ಸೋತಳು. ಹಮೀದಾಬೇಗಂ ಎರಡು ದಿನ ಉಣ್ಣಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಮೆಹತಾಬ್ ತಿರುಗಿ ಅನ್ನುತ್ತಿದ್ದಳು. ಮುದುಕಿ ಸುಮ್ಮನೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಹೊಟ್ಟೆಯ ಹೊಲಿಗೆಯ ಗುರುತು ಸವರುತ್ತ ಕೂಡುತ್ತಿದ್ದಳು. ಗುರುವಾರ ಮುಂಜಾನೆ ಮೆಹತಾಬ್ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಅಮ್ಮಾ, ಸಿಟ್ಟು ನನ್ನ ಮ್ಯಾಲ ಅದ. ಅನ್ನದ ಮ್ಯಾಲ ಯಾಕ?"

"ಸಿಟ್ಟಲ್ಲ. ಅಂಜಿಕಿ," ಎಂದಳು ಮುದುಕಿ. "ನೆಟ್ಟಗಾದ್ರ ಉಣಿಸ್ತೀನಿ ಅಂತ ಬಾಯಿಬಿಟ್ಟು ಹೇಳೀನಿ. ಪೀರ ನೆಟ್ಟಗ ಮಾಡ್ಯಾನ. ಉಣಿಸಲಿಲ್ಲ ಅಂದ್ರ ಅವ ಕೊಟ್ಟದ್ದು ವಾಪಸ್ ತಗೊಂಡ್ರ? ನಿನ್ನ ಎರಡು ಕೂಸು ಈ ಕೈಲೇ ಮಣ್ಣಿಗಿ ಕೊಟ್ಟೀನಿ ಮೆಹತಾಬ್. ಮೂರನೇದ್ದು ಆಗಂಗಿಲ್ಲ ನನಗ."

ಮೆಹತಾಬ್ ಎದ್ದು ಅತ್ತೆಯ ಚಪ್ಪಲಿ ತಂದಿಟ್ಟಳು. ಇಬ್ಬರೂ ಕೂಸನ್ನು ಕರೆದುಕೊಂಡು ದಿಬ್ಬ ಹತ್ತಿದರು. ದರ್ಗಾ ನೋಡಿಕೊಳ್ಳುವ ಮುಜಾವರ ಮಶಾಕ ಚಾಚಾ ಅಂಗಳ ಗುಡಿಸುತ್ತಿದ್ದ. ಕಂದೂರಿಯಾದರೆ ಅವನಿಗೂ ಒಂದು ತೊಡೆ, ಚರ್ಮ, ಐದು ರೂಪಾಯಿ ಬರುವುದಿತ್ತು. ಮೆಹತಾಬ್ ನಡೆದದ್ದನ್ನೆಲ್ಲ ಹೇಳಿದಳು. ಚಾಚಾ ಕಸಬರಿಗೆ ಒರಗಿಸಿಟ್ಟು ಕೇಳಿದ.

"ಬೇಟಿ, ನಲವತ್ತು ವರ್ಷ ಇಲ್ಲಿ ಲೋಬಾನ ಹಾಕೀನಿ. ಪೀರ್ ಸಾಹೇಬ್ರು ಒಮ್ಮೆನೂ ಹಸಿವಿ ಅಂದಿಲ್ಲ. ಹಸಿವಿ ನಮ್ಮದು, ಉಣ್ಣೋರೂ ನಾವೇ. ಆದರ ಹರಕಿ ಹೊತ್ತಾಕಿ ನಿಮ್ಮ ಅತ್ತಿ. ಮುಂದ ಹಾಕೂದಿದ್ರ ಆಕಿನೇ ಬಾಯಿಬಿಟ್ಟು ಕೇಳಬೇಕು. ನೀ ಕೇಳಿದ್ರ ಆಗಂಗಿಲ್ಲ, ನಾ ಕೇಳಿದ್ರೂ ಆಗಂಗಿಲ್ಲ."

ಹಮೀದಾಬೇಗಂ ಹೊಸ್ತಿಲ ಹೊರಗೆ ಸೆರಗು ಹಾಸಿ ಕುಳಿತಳು. ಪಕ್ಕದ ಮನೆಯ ಹಿರಿಯನ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು.

"ಬಾಬಾ, ನಾ ಅವಸರ ಮಾಡಿದೆ. ಇನ್ನಾ ಆರು ಸಲ ಅದ ಅಂತ. ಅದು ಮುಗೀಲಿ, ಆಮ್ಯಾಲ ನಿನ್ನದು. ತಪ್ಪು ಅಂತ ಅನ್ನಿಸಿದ್ರ ನನ್ನ ಮ್ಯಾಲ ಹಾಕು. ಮುದಿ ಜೀವ, ತಡಕೋತೀನಿ. ಪೋರಿ ಕಡಿ ನೋಡಬ್ಯಾಡ."

ಎದ್ದು, ಮೊಳಕಾಲು ಝಾಡಿಸಿ, ಸೊಸೆಗೆ ಅಂದಳು: "ಹೊಟ್ಟಿ ಹಸದದ. ಮನಿಯಾಗ ಏನರ ಅದನೋ, ಎಲ್ಲಾ ಕಲ್ಯಾಣಪ್ಪಗೇ ಕೊಟ್ಟು ಬಂದೀಯೋ?"

ಡಬ್ಬಿಗೆ ಕಮ್ಮಿ ಬಿದ್ದದ್ದನ್ನು ಬಂದೇಅಲಿಯ ಆ ವಾರದ ಕೂಲಿಯಿಂದ ತುಂಬಿ, ಶನಿವಾರದ ಗಾಡಿಗೆ ಮೆಹತಾಬ್ ಕೂಸಿನೊಂದಿಗೆ ಹತ್ತಿದಳು. ಸೋಮವಾರ ಒಂಬತ್ತಕ್ಕೆಲ್ಲ ದವಾಖಾನೆಯ ಉದ್ದ ಪಡಸಾಲೆಯಲ್ಲಿ ನೆಲಕ್ಕೆ ಕುಳಿತಿದ್ದಳು. ನರ್ಸಮ್ಮ ಆ ದಿನದ ತಾರೀಖಿನವರ ಹೆಸರು ಓದಿದಳು. ಹನ್ನೊಂದು ಕೂಸುಗಳ ಹೆಸರು. ಒಂದು ಹೆಸರಿಗೆ ಯಾರೂ ಓಗೊಡಲಿಲ್ಲ. ಎರಡು ಸಲ ಕರೆದಳು, ಮುಂದಕ್ಕೆ ಹೋದಳು. ಇನ್ನೊಂದಕ್ಕೂ ಯಾರೂ ಇಲ್ಲ. ಮತ್ತೊಂದಕ್ಕೂ ಇಲ್ಲ.

"ಗುಲ್ಶನ್ ಬಂದೇಅಲಿ!"

"ಬಂದೀವಿ!" ಎಂದು ಮೆಹತಾಬ್ ಗಣಿಯ ದನಿಯಲ್ಲಿ ಕೂಗಿದಳು. ಪಡಸಾಲೆಯೆಲ್ಲ ತಿರುಗಿ ನೋಡಿತು. ಅವಳಿಗೆ ನಾಚಿಕೆಯಾಗಲಿಲ್ಲ. ಒಳಗೆ ಹೋದಾಗ ಮೆಲ್ಲಗೆ ಕೇಳಿದಳು, ಆ ಮೂವರು ಎಲ್ಲಿ ಎಂದು.

"ಊರಿಗೆ ಹೋದವರು," ಎಂದಳು ನರ್ಸಮ್ಮ. "ಮಗು ಆಡತೊಡಗಿದರೆ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಇಲ್ಲಾ, ರೊಕ್ಕ ತೀರಿರುತ್ತದೆ. ಪತ್ರ ಹಾಕಿದ್ದೇವೆ."

ಆರು ಸಲವೂ ಹೋದಳು. ಪ್ರತಿ ಸಲವೂ ಡಬ್ಬಿ ತುಂಬುವುದು ಒಂದು ಯುದ್ಧವೇ. ಎರಡನೆಯ ಸಲಕ್ಕೆ ಬಂದೇಅಲಿ ಗುತ್ತೇದಾರನಿಂದ ಮುಂಗಡ ತಂದ, ಅದು ತೀರಲು ಎರಡು ವರ್ಷ ಹಿಡಿಯಿತು. ಮೂರನೆಯ ಸಲಕ್ಕೆ ದವಾಖಾನೆಯ ಕಾಗದ ತೋರಿಸಿದರೆ ರೈಲಿನಲ್ಲಿ ಸವಲತ್ತು ಸಿಗುತ್ತದೆಂದು ತಿಳಿಯಿತು. ನಾಲ್ಕನೆಯ ಸಲದಿಂದ, ದವಾಖಾನೆಯ ಹಿಂದಿನ ಬೀದಿಯ ಖಾನಾವಳಿಯಲ್ಲಿ ಮಧ್ಯಾಹ್ನ ಅಕ್ಕಿ ಆರಿಸಿಕೊಟ್ಟು ತನ್ನದೂ ಕೂಸಿನದೂ ಊಟ ಮಾಡಿಕೊಂಡಳು. ಗುಲ್ಶನ್ ವಾಂತಿ ಮಾಡಿ ಸುಸ್ತಾಗಿ ಅಳುವಾಗ ಮಾತ್ರ ಗಂಡ ಅಂದ ಮಾತು ಅವಳಿಗೆ ನೆನಪಾಗುತ್ತಿತ್ತು. ಆದರೂ ಅದರ ಬಾಯಿಗೆ ತಪ್ಪಲೆ ಹಿಡಿದು ಕೂಡುತ್ತಿದ್ದಳು.

ಕಂದೂರಿಯೂ ಆಯಿತು, ಆ ಮುಂಗಡ ತೀರಿದ ಮೇಲೆ, ಮೂರು ವರ್ಷ ತಡವಾಗಿ. ಅಷ್ಟರಲ್ಲಿ ಪೀರನ ಹೋತ ಕರುವಿನಷ್ಟು ಬೆಳೆದು, ಯಾರ ಮನೆಯ ಜೋಳ ತಿಂದರೂ ಯಾರೂ ಹೊಡೆಯುವ ಹಾಗಿಲ್ಲದೆ, ಓಣಿಯೆಲ್ಲ ಕಂದೂರಿ ಯಾವಾಗ ಮಾಡ್ತೀ ತಾಯಿ ಎಂದು ದುಂಬಾಲು ಬಿದ್ದಿತ್ತು. ಶಹಾಬುದ್ದೀನ ಮೂರು ಸಲ ಬಡಿಸಿಕೊಂಡ. ಹಮೀದಾಬೇಗಂ ಅದನ್ನು ಕಣ್ಣಾರೆ ಕಂಡು, ಮರುವರ್ಷ ತೀರಿಕೊಂಡಳು.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಇಂಥ ಕೂಸುಗಳನ್ನು ಹೊತ್ತವರು ಆಮೇಲಾಮೇಲೆ ವಾಡಿ ಜಂಕ್ಷನ್ನಿನಲ್ಲೋ ಶಹಾಬಾದದಲ್ಲೋ ಗಾಡಿ ಹತ್ತುವ ಮುಂಚೆ ಅವಳ ಮನೆ ಕೇಳಿಕೊಂಡು ಬರುತ್ತಿದ್ದರು. ಯಾವ ಬಾಗಿಲಿಗೆ ನಿಲ್ಲಬೇಕು, ಎಲ್ಲಿ ಮಲಗಬೇಕು, ಯಾವ ಕಾಗದಕ್ಕೆ ಎಷ್ಟು ಉಳಿಯುತ್ತದೆ, ಎಲ್ಲ ಬಾಯಿಪಾಠ ಅವಳಿಗೆ. ಇಬ್ಬರ ಜೊತೆ ತಾನೇ ಹೋಗಿ ಬಿಟ್ಟು ಬಂದಳು. ಕೂಲಿ ಹೋಯಿತೆಂದು ಬಂದೇಅಲಿ ಗೊಣಗಿದ, ಮತ್ತೆ ತಾನೇ ಬುತ್ತಿ ಕಟ್ಟಿಕೊಟ್ಟ.

ಆರನೆಯ ಸಲ ಮುಗಿದ ದಿನದ ಸುದ್ದಿಯನ್ನು ಗುಲ್ಶನ್ ಈಗಲೂ ನಕ್ಕು ನಕ್ಕು ಹೇಳುತ್ತಾಳೆ. ಡಾಕ್ಟರು ಹಳದಿ ಕಾರ್ಡು ವಾಪಸು ಕೊಟ್ಟರು. ಅಕ್ಷರ ಬರದ ಮೆಹತಾಬಳಿಗೆ ಅಷ್ಟೊತ್ತಿಗೆ ಆ ಕಾರ್ಡಿನ ಗೆರೆ ಗೆರೆಯೂ ಗೊತ್ತಿತ್ತು. ತಾರೀಖು ಬರೆಯುವ ಜಾಗ ಖಾಲಿ.

"ಸಾಹೇಬ್ರ, ಮರತೀರೇನ್ರಿ? ಇಲ್ಲಿ ಏನೂ ಬರ್ದಿಲ್ಲ."

"ಮರತಿಲ್ಲ ಬಾಯಿ. ಔಷಧ ಮುಗೀತು. ಕೂಸು ಛಲೋ ಅದ. ಇನ್ನ ವರ್ಷಕ್ಕೊಮ್ಮೆ ತಂದು ತೋರಿಸಿದ್ರ ಸಾಕು."

ಮೆಹತಾಬ್ ಕಣ್ಣೊರೆಸಿಕೊಂಡಳು. ಕೂಸಿನ ತಲೆ ಸವರಿದಳು. ಡಾಕ್ಟರರ ಕಾಲಿಗೆ ಬಗ್ಗಿದಳು, ಅವರು ಬೇಡವೆಂದು ಹಿಂದೆ ಸರಿದರು. ಇನ್ನೇನು ಹೊರಟಳೆಂದು ಅವರು ಮುಂದಿನ ಕೂಸಿನ ಕಾರ್ಡಿಗೆ ಕೈ ಹಾಕಿದರೆ, ಅವಳು ಅಲ್ಲೇ ನಿಂತಿದ್ದಳು.

"ಮತ್ತೇನು ಬಾಯಿ?"

"ವರ್ಷ ಅಂದ್ರ ಯಾವ ದಿನ್ರಿ? ಬರದು ಕೊಡ್ರಿ."

"ಒಂದು ವರ್ಷದ ಮುಂದಿನ ಮಾತು ಅದು. ಹೋಳಿ ಆದ ಮ್ಯಾಲ ಯಾವಾಗರ ಬಾ."

"ಯಾವಾಗರ ಅಂದ್ರ ನಮ್ಮಂಥೋರು ಬರಂಗಿಲ್ರಿ. ಊರಾಗ ನೂರೆಂಟು ಬರ್ತಾವ. ತಾರೀಖು ಹಾಕ್ರಿ, ಬರ್ತೀನಿ."

ಹಿಂದೆ ಸಾಲಿನಲ್ಲಿ ನಿಂತವರು ಗುಜುಗುಜು ಮಾಡಿದರು. ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ, ನರ್ಸಮ್ಮನಿಗೆ ಮುಂದಿನ ವರ್ಷದ ಕ್ಯಾಲೆಂಡರು ಎಲ್ಲಿದೆ ಹುಡುಕೆಂದರು. ಅದು ಇನ್ನೂ ಅಚ್ಚಾಗಿ ಬಂದಿರಲಿಲ್ಲ. ಅವರು ಬೆರಳು ಮಡಿಚಿ ವಾರ ಎಣಿಸತೊಡಗಿದರು. ಮೆಹತಾಬ್ ಮೇಜಿಗೆ ಕೈ ಊರಿ ಕಾಯುತ್ತ ನಿಂತಳು.